ವಾಲ್‌ಪೇಪರ್: ಕೋಣೆಯ ಗೋಡೆಗೆ ಕಾಗದ ಹಚ್ಚುವ ಕೆಲಸ

ಕೋಣೆಯ ಒಳಗೋಡೆಗೆ ಅಂಟು ಸವರಿ ಹಚ್ಚುವ ಅಲಂಕಾರದ ಹೊದಿಕೆಗೆ ವಾಲ್‌ಪೇಪರ್ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಸುರುಳಿಯ ರೂಪದಲ್ಲಿ ಸಿಗುತ್ತದೆ. ಗೋಡೆಯ ಎತ್ತರಕ್ಕೆ ತಕ್ಕಂತೆ ಪಟ್ಟಿಗಳಾಗಿ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಅಂಟಿಸುತ್ತಾರೆ. ಮೊದಲ ಸಲ ಕೈಹಾಕುವವರೂ ಸ್ವತಃ ಮಾಡಬಹುದಾದ ಕೆಲಸವಿದು, ಆದರೆ ಬಣ್ಣ ಬಳಿಯುವಷ್ಟು ಸಲೀಸಲ್ಲ. ಬಣ್ಣವು ಗೋಡೆ ಹೇಗಿದೆಯೋ ಹಾಗೆ ಕೂರುತ್ತದೆ. ಕಾಗದಕ್ಕೆ ತನ್ನದೇ ಅಗಲ, ತನ್ನದೇ ನೇರ, ತನ್ನದೇ ವಿನ್ಯಾಸ ಇರುತ್ತದೆ. ಒದ್ದೆಯಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೊಸಬರ ಕೆಲಸ ಕೆಡುವುದು ಬಹುಪಾಲು ಕೈಚಳಕ ಸಾಲದ್ದರಿಂದಲ್ಲ, ನೀರು ಕಾಗದಕ್ಕೂ ಗೋಡೆಗೂ ಏನು ಮಾಡುತ್ತದೆ ಎಂಬುದನ್ನು ಮೊದಲೇ ಯೋಚಿಸದೆ ಹೋದದ್ದರಿಂದ.

ಚರಿತ್ರೆ

ಇಂಗ್ಲೆಂಡಿನಲ್ಲಿ ಉಳಿದುಬಂದಿರುವ ಅತಿ ಹಳೆಯ ಗೋಡೆಕಾಗದವೆಂದು ಹೆಸರಾದದ್ದು ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ 1911ರಲ್ಲಿ ಸಿಕ್ಕಿತು. ಅದು 1509ರ ಸುಮಾರಿನದು. ಮರದ ಅಚ್ಚಿನಿಂದ ದಾಳಿಂಬೆಯಂಥ ಆಕೃತಿಯನ್ನು ಒತ್ತಿದ ಆ ಹಾಳೆಗಳ ಹಿಂಬದಿಯಲ್ಲಿ ಅದೇ ಕಾಲದ ಬೇರೆ ಮುದ್ರಣವಿದೆ. ಅಂದರೆ ಬಳಸಿ ಉಳಿದ ಕಾಗದವನ್ನೇ ಮತ್ತೆ ಅಲಂಕಾರಕ್ಕೆ ಉಪಯೋಗಿಸಿದ್ದರು. ಆ ಕಾಲದ ಶ್ರೀಮಂತರು ಗೋಡೆಗೆ ನೇಯ್ದ ಚಿತ್ರವಸ್ತ್ರಗಳನ್ನು ತೂಗುಹಾಕುತ್ತಿದ್ದರು. ಅಷ್ಟು ಖರ್ಚು ಮಾಡಲಾರದವರಿಗೆ ಅಚ್ಚೊತ್ತಿದ ಕಾಗದ ಒದಗಿತು. 17ನೆಯ ಶತಮಾನದ ಕೊನೆಯ ಭಾಗದಿಂದ ಚೀನಾದಲ್ಲಿ ಕೈಯಿಂದ ಬರೆದ ಹೂಬಳ್ಳಿ, ಹಕ್ಕಿಗಳ ಕಾಗದಗಳು ಈಸ್ಟ್ ಇಂಡಿಯಾ ಕಂಪನಿಗಳ ವ್ಯಾಪಾರದ ಮೂಲಕ ಯುರೋಪಿಗೆ ಬರತೊಡಗಿದ ಮೇಲೆ ಕಾಗದಕ್ಕೂ ಸಿರಿವಂತರ ಮನೆಯಲ್ಲಿ ಜಾಗ ಸಿಕ್ಕಿತು.

ಬ್ರಿಟನ್ 1712ರಲ್ಲಿ ಬಣ್ಣದ ಹಾಗೂ ಅಚ್ಚಿನ ಗೋಡೆಕಾಗದದ ಮೇಲೆ ಚದರ ಗಜಕ್ಕೆ 1 ಪೆನ್ನಿಯಂತೆ ತೆರಿಗೆ ಹಾಕಿತು. ಅದು ರದ್ದಾದದ್ದು 1836ರಲ್ಲಿ. ಅಷ್ಟರಲ್ಲಿ ಫ್ರಾನ್ಸಿನ ಕಾರ್ಖಾನೆಗಳು ಮುಂದೆ ಹೋಗಿದ್ದವು. ಪ್ಯಾರಿಸ್ಸಿನಲ್ಲಿ ಝಾನ್-ಬಾಪ್ಟಿಸ್ಟ್ ರೆವೆಯೋನ್‌ನ ಕಾರ್ಖಾನೆ ಎಷ್ಟು ಹೆಸರಾಗಿತ್ತೆಂದರೆ, ಮೊಂಗೋಲ್ಫಿಯೇ ಸಹೋದರರು 1783ರಲ್ಲಿ ಹಾರಿಸಿದ ಬಲೂನಿನ ಹೊರಮೈಯ ಅಲಂಕಾರ ಅವನದೇ. 1789ರ ಏಪ್ರಿಲ್‌ನಲ್ಲಿ, ಬಾಸ್ಟೀಲ್ ಕೋಟೆ ಬೀಳುವುದಕ್ಕೂ ಮೊದಲೇ, ಕೂಲಿಯ ಬಗ್ಗೆ ಅವನಾಡಿದ ಮಾತಿನಿಂದ ಕೆರಳಿದ ಜನ ಅವನ ಮನೆ ಮತ್ತು ಕಾರ್ಖಾನೆಯ ಮೇಲೆ ದಾಳಿ ಮಾಡಿದರು.

ಭಾರತದ ನಂಟು ಒಂದು ಅಪರೂಪದ ಕಾಗದದಲ್ಲಿದೆ. ಅಲ್ಸಾಸ್ ಪ್ರಾಂತದ ರಿಕ್ಸ್‌ಹೈಮ್‌ನ ಜ್ಯೂಬೆರ್ ಕಾರ್ಖಾನೆ 1807ರಲ್ಲಿ ‘ಹಿಂದೂಸ್ತಾನ’ ಎಂಬ ಭೂದೃಶ್ಯಮಾಲೆಯನ್ನು ಹೊರತಂದಿತು. ಕೋಣೆಯ ಗೋಡೆಗಳನ್ನೆಲ್ಲ ಸುತ್ತುವರಿಯುವ ಒಂದೇ ಅಖಂಡ ಚಿತ್ರವದು. ಕಲಾವಿದ ಪಿಯೆರ್-ಆಂತ್ವಾನ್ ಮೊಂಜ್ಯಾ ರಚಿಸಿದ್ದು. ಮುದ್ರಣಕ್ಕೆ ಸಾವಿರಕ್ಕೂ ಹೆಚ್ಚು ಮರದ ಅಚ್ಚುಗಳು ಬೇಕಾದವು. ಇದಕ್ಕೆ ಮೂಲವಾದದ್ದು ಥಾಮಸ್ ಡೇನಿಯಲ್ ಮತ್ತು ಅವನ ಸಹೋದರನ ಮಗ ವಿಲಿಯಂ ಡೇನಿಯಲ್ ಭಾರತವನ್ನು ಸುತ್ತಿ ಮಾಡಿದ ಚಿತ್ರಗಳು. ಮೂರನೆಯ ಮೈಸೂರು ಯುದ್ಧ ಮುಗಿದ 1792ರಲ್ಲಿ ಈ ಇಬ್ಬರೂ ಬೆಂಗಳೂರಿನ ದಾರಿಯಲ್ಲೂ ಹಾದುಹೋಗಿದ್ದರು. ಎಂದೂ ಹಡಗು ಹತ್ತದ ಯುರೋಪಿನವರು ತಮ್ಮ ಊಟದ ಕೋಣೆಯಲ್ಲಿ ಕುಳಿತು ಭಾರತದ ಕಟ್ಟಡಗಳನ್ನೂ ಆನೆಗಳನ್ನೂ ನೋಡಿದ್ದು ಈ ಕಾಗದದ ಮೇಲೆ.

ಯಂತ್ರ ಬಂದ ಮೇಲೆ ಬೆಲೆ ಇಳಿಯಿತು. ಫ್ರಾನ್ಸಿನ ಲೂಯಿ-ನಿಕೊಲಾ ರೋಬೇರ್ 1799ರಲ್ಲಿ ಅಖಂಡವಾಗಿ ಉದ್ದಕ್ಕೆ ಕಾಗದ ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಚಿಕ್ಕ ಚಿಕ್ಕ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿಯೇ ಸುರುಳಿ ಮಾಡಬೇಕಿತ್ತು. 1839ರಲ್ಲಿ ಲ್ಯಾಂಕಾಷೈರಿನ ಡಾರ್ವೆನ್‌ನಲ್ಲಿ ಪಾಟರ್ ಕಾರ್ಖಾನೆಯವರು ಬಟ್ಟೆಗೆ ಅಚ್ಚೊತ್ತುವ ಯಂತ್ರವನ್ನು ಕಾಗದಕ್ಕೆ ಹೊಂದಿಸಿದರು. ಅಲ್ಲಿಂದ ಮುಂದೆ ಕಾರ್ಮಿಕರ ಮನೆಗಳಿಗೂ ಹೂವಿನ ಗೋಡೆ ಬಂತು. ಈ ಅಗ್ಗದ ಸರಕಿಗೆ ಎದುರಾಗಿ ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮೋರಿಸ್ 1860ರ ದಶಕದಿಂದ ಮರದ ಅಚ್ಚಿನಲ್ಲೇ ತನ್ನ ವಿನ್ಯಾಸಗಳ ಮುದ್ರಣ ಮಾಡಿಸಿದ. ಅವುಗಳಲ್ಲಿ ಕೆಲವು ಇವತ್ತಿಗೂ ಮಾರಾಟದಲ್ಲಿವೆ.

ಆ ಕಾಲದ ಹಸಿರು ಬಣ್ಣದ ಕತೆ ಇಲ್ಲಿ ಸೇರಲೇಬೇಕು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ 1775ರಲ್ಲಿ ತಾಮ್ರ ಮತ್ತು ಆರ್ಸೆನಿಕ್ ಕೂಡಿಸಿ ಒಂದು ಹೊಳೆಯುವ ಹಸಿರನ್ನು ತಯಾರಿಸಿದ್ದ. 19ನೆಯ ಶತಮಾನದ ಎಷ್ಟೋ ಗೋಡೆಕಾಗದಗಳಲ್ಲಿ ಆರ್ಸೆನಿಕ್ ಬೆರೆತ ಹಸಿರುಗಳೇ ಇದ್ದವು. ಮೋರಿಸ್‌ನ ಒಂದು ಆರಂಭದ ಕಾಗದದಲ್ಲೂ ಅದು ಇದ್ದದ್ದು ಈಚಿನ ಪರೀಕ್ಷೆಯಲ್ಲಿ ಕಂಡುಬಂದಿದೆ. ಒಣಗಿದ ಕೋಣೆಗಿಂತ ತೇವದ ಕೋಣೆಯಲ್ಲೇ ಜನ ಹೆಚ್ಚು ಕಾಯಿಲೆ ಬೀಳುತ್ತಾರೆ ಎಂಬ ದೂರಿಗೆ ಒಂದು ವಿವರಣೆ ಕೊಟ್ಟವನು ಇಟಲಿಯ ಬಾರ್ಟೊಲೊಮಿಯೊ ಗೋಸಿಯೊ. ಆರ್ಸೆನಿಕ್ ಬಣ್ಣದ ಮೇಲೆ ಬೂಷ್ಟು ಬೆಳೆದರೆ ಅದು ವಿಷದ ಅನಿಲವನ್ನು ಹೊರಬಿಡುತ್ತದೆಂದು 1890ರ ದಶಕದ ಆರಂಭದಲ್ಲಿ ಅವನು ತೋರಿಸಿದ. ಆ ವಿಷದ ಬಣ್ಣ ಹೋಗಿ ನೂರಕ್ಕೂ ಹೆಚ್ಚು ವರ್ಷಗಳಾದವು. ತೇವ, ಅಂಟು, ಬೂಷ್ಟು ಮೂರರ ಕೂಟ ಮಾತ್ರ ಇಂದಿಗೂ ಕಾಗದದ ಹಿಂದೆ ಹಾಗೆಯೇ ಇದೆ.

ನಮ್ಮ ಮನೆಗಳಲ್ಲಿ

ಕರ್ನಾಟಕದ ಹಳೆಯ ಮನೆಗಳಿಗೆ ಗೋಡೆಕಾಗದ ಬರಲಿಲ್ಲ, ಬರದಿದ್ದುದಕ್ಕೆ ಸಕಾರಣಗಳಿದ್ದವು. ಸುಣ್ಣ ಬಳಿದ ಗೋಡೆ ಪುಡಿ ಉದುರಿಸುತ್ತದೆ. ಅದರ ಮೇಲೆ ಹಚ್ಚಿದ್ದು ಗೋಡೆಗಲ್ಲ, ಪುಡಿಗೆ ಅಂಟುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಗೋಡೆ ಒಣಗುವುದೇ ಕಷ್ಟ. ಹಿಟ್ಟಿನ ಅಂಟಿಗೆ ಜಿರಳೆಯೂ ಬೆಳ್ಳಿಹುಳವೂ ಬರುತ್ತವೆ. ಸುಣ್ಣವೋ ಗೋಡೆಯನ್ನು ಉಸಿರಾಡಲು ಬಿಡುತ್ತದೆ, ಹುಳುವನ್ನು ದೂರವಿಡುತ್ತದೆ, ಹಬ್ಬಕ್ಕೊಮ್ಮೆ ಮತ್ತೆ ಬಳಿದರೆ ಹೊಸದಾಗುತ್ತದೆ. ಗೋಡೆಗೆ ಚಿತ್ರ ಬೇಕೆನಿಸಿದಾಗ ನೇರವಾಗಿ ಗೋಡೆಯ ಮೇಲೆಯೇ ಬರೆಸಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಅದಕ್ಕೆ ದೊಡ್ಡ ಸಾಕ್ಷಿ. ಸಿಮೆಂಟು ಗಾರೆ, ಪುಟ್ಟಿ, ಎಮಲ್ಷನ್ ಬಣ್ಣಗಳ ಫ್ಲ್ಯಾಟುಗಳು ಬಂದ ಮೇಲೆಯೇ ವಾಲ್‌ಪೇಪರ್ ಇಲ್ಲಿ ನಿಲ್ಲುವಂತಾಯಿತು. ಈಗ ಹೆಚ್ಚಿನವರು ಇಡೀ ಕೋಣೆಗೆ ಹಚ್ಚುವುದಿಲ್ಲ. ಟಿವಿಯ ಹಿಂದಿನ ಗೋಡೆ ಅಥವಾ ಮಂಚದ ತಲೆಯ ಕಡೆಯ ಗೋಡೆ, ಇಷ್ಟಕ್ಕೇ ಹಚ್ಚುತ್ತಾರೆ. ಹೊಸಬರು ಕಲಿಯಲು ಇದೇ ಒಳ್ಳೆಯ ಅಳತೆ: ಮೂಲೆ ತಿರುಗಿಸುವ ಕಷ್ಟವಿಲ್ಲ, ಬಾಗಿಲು ಕಿಟಕಿಗಳ ಕಾಟ ಕಡಿಮೆ.

ಬಗೆಗಳು

ಬರಿಯ ಕಾಗದ ಎಲ್ಲಕ್ಕಿಂತ ಹಗುರ, ಗೋಡೆಯ ತೇವವನ್ನು ಹೊರಬಿಡುತ್ತದೆ. ಆದರೆ ಒದ್ದೆಯಾದಾಗ ಹಿಗ್ಗುವುದೂ ಹರಿಯುವುದೂ ಅದೇ. ಕಾಗದದ ಮೇಲೆ ವಿನೈಲ್ ಪದರವಿರುವುದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಇದು. ಮೂರನೆಯದು ನಾನ್‌ವೋವನ್, ಅಂದರೆ ಸೆಲ್ಯುಲೋಸ್ ಮತ್ತು ಪಾಲಿಯೆಸ್ಟರ್ ನಾರುಗಳನ್ನು ನೇಯದೆ ಒತ್ತಿ ಮಾಡಿದ ಹಾಳೆ. ಇದು ನೀರು ತಾಗಿದರೂ ಹೆಚ್ಚುಕಡಿಮೆ ಹಿಗ್ಗುವುದಿಲ್ಲ. ಅಂಟನ್ನು ಗೋಡೆಗೇ ಸವರಿ, ಒಣ ಪಟ್ಟಿಯನ್ನು ನೇರವಾಗಿ ಹಚ್ಚಬಹುದು. ಮುಂದೆ ತೆಗೆಯುವಾಗ ಒಣಗಿದಂತೆಯೇ ಉದ್ದಕ್ಕೆ ಸುಲಿದುಬರುತ್ತದೆ. ಮೊದಲ ಸಲ ಮಾಡುವವರಿಗೆ ನಾನ್‌ವೋವನ್ ಬಿಟ್ಟು ಬೇರೆ ಬೇಡ ಎನ್ನುವುದು ಅತಿಮಾತಾಗದು. ಹಿಂಬದಿಯ ಹಾಳೆ ಸುಲಿದು ಅಂಟಿಸುವ ಸ್ಟಿಕ್ಕರ್ ಮಾದರಿಯದು ನೋಡಲು ಅದಕ್ಕಿಂತ ಸುಲಭ. ಬಾಡಿಗೆ ಮನೆಯವರಿಗೆ ಇಷ್ಟ. ಆದರೆ ಒಮ್ಮೆ ಹಿಡಿದ ಮೇಲೆ ಒದ್ದೆ ಅಂಟಿನಂತೆ ಜಾರಿಸಿ ಸರಿಪಡಿಸಲು ಆಗದು, ಉದ್ದ ಪಟ್ಟಿಯಾದರೆ ತನಗೆ ತಾನೇ ಅಂಟಿಕೊಂಡು ಹಾಳಾಗುತ್ತದೆ. ಬಟ್ಟೆ ಮತ್ತು ಹುಲ್ಲಿನ ಹೊದಿಕೆಗಳು ಅಂಟಿನ ಒಂದು ಹನಿಗೂ ಕಲೆಯಾಗುತ್ತವೆ. ಅವನ್ನು ಪಳಗಿದ ಕೆಲಸಗಾರರಿಗೇ ಬಿಡುವುದು ಲೇಸು.

ಎಷ್ಟು ಸುರುಳಿ ಬೇಕು

ಯುರೋಪಿನ ಅಳತೆಯ ಸುರುಳಿ 53 ಸೆಂಟಿಮೀಟರ್ ಅಗಲ, 10.05 ಮೀಟರ್ ಉದ್ದ ಇರುತ್ತದೆ. ನಮ್ಮ ವ್ಯಾಪಾರಿಗಳು ಇದನ್ನೇ 57 ಚದರಡಿಯ ರೋಲ್ ಎನ್ನುತ್ತಾರೆ. ಕೊರಿಯಾದ ಸುರುಳಿಗಳು ಇದರ ಎರಡರಷ್ಟು ಅಗಲ. ಅಂಗಡಿಯಲ್ಲಿ ಚದರಡಿಯ ಲೆಕ್ಕವೇ ನಡೆಯುತ್ತದೆ, ಮೋಸಹೋಗುವುದೂ ಅಲ್ಲಿಯೇ. 12 ಅಡಿ ಅಗಲ, ಹತ್ತೂವರೆ ಅಡಿ ಎತ್ತರದ ಗೋಡೆಯನ್ನು ತೆಗೆದುಕೊಳ್ಳೋಣ. ಒಟ್ಟು 126 ಚದರಡಿ. 57ರಿಂದ ಭಾಗಿಸಿದರೆ 2.2, ಅಂದರೆ ಮೂರು ಸುರುಳಿ ಸಾಕು ಎನಿಸುತ್ತದೆ. ಆದರೆ ಲೆಕ್ಕ ಹಾಕಬೇಕಾದ್ದು ಪಟ್ಟಿಗಳನ್ನು. 21 ಇಂಚು ಅಗಲದ ಕಾಗದ 12 ಅಡಿ ತುಂಬಲು ಏಳು ಪಟ್ಟಿ ಬೇಕು. ಗೋಡೆಯ ಎತ್ತರ 3.20 ಮೀಟರ್, ಮೇಲೂ ಕೆಳಗೂ ಕತ್ತರಿಸಿ ಸರಿಮಾಡಲು 5 ಸೆಂಟಿಮೀಟರಿನಂತೆ ಬಿಟ್ಟರೆ ಪಟ್ಟಿ 3.30 ಮೀಟರ್. ಒಂದು ಸುರುಳಿಯಲ್ಲಿ ಅಂಥ ಮೂರು ಪಟ್ಟಿ ಬರುತ್ತವೆ. ವಿನ್ಯಾಸವಿಲ್ಲದ ಕಾಗದವಾದರೆ ಮೂರು ಸುರುಳಿ ನಿಜಕ್ಕೂ ಸಾಕು. ಅದೇ 64 ಸೆಂಟಿಮೀಟರಿಗೊಮ್ಮೆ ಮರುಕಳಿಸುವ ದೊಡ್ಡ ಹೂವಾದರೆ, ಪಕ್ಕದ ಪಟ್ಟಿಯ ಹೂವು ಕೂಡಲು ಪ್ರತಿ ಪಟ್ಟಿಯನ್ನೂ 64ರ ಗುಣಕದಲ್ಲಿ, ಅಂದರೆ 3.84 ಮೀಟರಿಗೆ ಲೆಕ್ಕ ಹಿಡಿಯಬೇಕು. ಆಗ ಸುರುಳಿಗೆ ಎರಡೇ ಪಟ್ಟಿ. ಏಳು ಪಟ್ಟಿಗೆ ನಾಲ್ಕು ಸುರುಳಿ. ಉಳಿದ ತುಂಡುಗಳು ಬಾಗಿಲ ಮೇಲೆ, ಕಿಟಕಿಯ ಕೆಳಗೆ ಉಪಯೋಗಕ್ಕೆ ಬರುತ್ತವೆ.

ಸುರುಳಿಯ ಚೀಟಿಯಲ್ಲಿ ಈ ಅಳತೆ ಅಚ್ಚಾಗಿರುತ್ತದೆ. ಎದುರುಬದುರಾದ ಎರಡು ಬಾಣಗಳು ಒಂದೇ ಮಟ್ಟದಲ್ಲಿದ್ದರೆ ವಿನ್ಯಾಸ ಅಡ್ಡಕ್ಕೆ ನೇರವಾಗಿ ಕೂಡುತ್ತದೆ. ಒಂದು ಮೇಲೆ ಒಂದು ಕೆಳಗಿದ್ದರೆ ಪಕ್ಕದ ಪಟ್ಟಿಯನ್ನು ಇಳಿಸಿ ಹೊಂದಿಸಬೇಕು. ಬಾಣದ ಪಕ್ಕ ಸೊನ್ನೆಯಿದ್ದರೆ ಹೊಂದಿಸುವ ಗೊಡವೆಯೇ ಇಲ್ಲ. ಇದಕ್ಕಿಂತಲೂ ಮುಖ್ಯವಾದದ್ದು ಬ್ಯಾಚ್ ನಂಬರ್. ಒಂದೇ ಡಿಸೈನ್ ಆದರೂ ಬೇರೆ ಬ್ಯಾಚಿನ ಬಣ್ಣದಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ. ಕೈಯಲ್ಲಿ ಹಿಡಿದಾಗ ಕಾಣದ್ದು ಗೋಡೆಯ ಮೇಲೆ ಪಕ್ಕಪಕ್ಕದಲ್ಲಿ ಎದ್ದು ಕಾಣುತ್ತದೆ. ಎಲ್ಲ ಸುರುಳಿಗಳನ್ನೂ ಒಂದೇ ಬ್ಯಾಚಿನಿಂದ, ಒಂದೇ ಸಲ, ಒಂದು ಹೆಚ್ಚಾಗಿಯೇ ಕೊಳ್ಳಬೇಕು.

ಗೋಡೆಯ ತಯಾರಿ

ಕೆಲಸದ ಅರ್ಧಭಾಗ ಇಲ್ಲಿದೆ. ಮೊದಲ ಪರೀಕ್ಷೆ ತೇವದ್ದು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚಿಗೂ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಬೇಕು. ಹಾಳೆಯ ಹಿಂದೆ ಬೆವರಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಗಿನ ಬಿರುಕು, ತಾರಸಿಯ ಸೋರಿಕೆ, ಬಚ್ಚಲಿನ ಪೈಪು, ನೆಲದಿಂದ ಮೇಲೇರುವ ತೇವ, ಕಾರಣ ಯಾವುದಾದರೂ ಅದನ್ನು ಸರಿಪಡಿಸದೆ ಕಾಗದ ಹಚ್ಚುವುದು ರೋಗವನ್ನು ಮುಚ್ಚಿಡುವ ಕೆಲಸ. ಚೌಳು ಹಿಡಿದು ಬಿಳಿ ಪುಡಿ ಉಕ್ಕುವ ಗೋಡೆಗೂ, ಗಾರೆ ಪೂರ್ತಿ ಒಣಗದ ಹೊಸ ಗೋಡೆಗೂ ಇದೇ ಮಾತು.

ಕರಾವಳಿಯವರು ಇನ್ನೊಂದನ್ನು ನೆನಪಿಡಬೇಕು. ಮಂಗಳೂರಿನಂಥ ಊರಿನಲ್ಲಿ ಏಸಿ ಹಾಕಿದ ಕೋಣೆಯ ಒಳಗೋಡೆ ತಣ್ಣಗಿರುತ್ತದೆ, ಹೊರಗಿನ ಗಾಳಿ ಬಿಸಿ ಮತ್ತು ತೇವದ್ದು. ತೇವ ಹೊರಗಿನಿಂದ ಗೋಡೆಯ ಮೂಲಕ ಒಳಕ್ಕೆ ಸಾಗುತ್ತದೆ. ಬಣ್ಣದ ಗೋಡೆಯಾದರೆ ಕೋಣೆಯೊಳಗೆ ಆರಿಹೋಗುತ್ತದೆ. ವಿನೈಲ್ ಹಚ್ಚಿದ್ದರೆ ಆ ಪ್ಲಾಸ್ಟಿಕ್ಕಿನ ಹಿಂದೆ ಸಿಕ್ಕಿಬಿದ್ದು ನೀರಾಗುತ್ತದೆ. ಹೊರಗೆ ಏನೂ ಕಾಣದಿದ್ದರೂ ಹಿಂದೆ ಕಪ್ಪು ಬೂಷ್ಟು ಹರಡುತ್ತದೆ. ಬಿಸಿ ತೇವದ ನಾಡುಗಳ ಹೋಟೆಲುಗಳಲ್ಲಿ ಇದು ಕಟ್ಟಡದ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಅಂಥ ಕಡೆ ಮಳೆ ಬಡಿಯುವ ಹೊರಗೋಡೆಯನ್ನು ಬಿಟ್ಟು, ಎರಡು ಕೋಣೆಗಳ ನಡುವಿನ ಗೋಡೆಗೆ ಹಚ್ಚುವುದು, ವಿನೈಲ್ ಬದಲು ಗಾಳಿಯಾಡುವ ಬಗೆಯನ್ನು ಆರಿಸುವುದು ಜಾಣತನ.

ತೇವದ ಶಂಕೆ ನೀಗಿದ ಮೇಲೆ ಗೋಡೆಯ ಮೇಲೆ ಒದ್ದೆ ಅಂಗೈ ಉಜ್ಜಿ ನೋಡಬೇಕು. ಕೈಗೆ ಬಿಳಿ ಹತ್ತಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಕೆರೆದು ತೊಳೆದು ತೆಗೆಯಲೇಬೇಕು. ಆಯಿಲ್ ಪೇಂಟಿನ ಹೊಳಪನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಕಳೆಯಬೇಕು. ಮೊಳೆಯ ತೂತು, ಬಿರುಕುಗಳಿಗೆ ಪುಟ್ಟಿ ತುಂಬಿ ಸಮಮಾಡಬೇಕು, ಏಕೆಂದರೆ ತೆಳು ಕಾಗದ ಸಣ್ಣ ಮರಳ ಕಣವನ್ನೂ ಮುಚ್ಚುವುದಿಲ್ಲ. ಪುಟ್ಟಿ ನೀರನ್ನು ಬೇಗ ಹೀರುತ್ತದೆ. ಬರಿಯ ಪುಟ್ಟಿಯ ಮೇಲೆ ಹಚ್ಚಿದರೆ ಅಂಟು ಕ್ಷಣದಲ್ಲಿ ಒಣಗಿ ಪಟ್ಟಿಯನ್ನು ಸರಿಸಲು ಬಿಡುವುದಿಲ್ಲ. ಮುಂದೆ ಕಾಗದ ಕೀಳುವಾಗ ಪುಟ್ಟಿಯೂ ಕಿತ್ತುಬರುತ್ತದೆ. ಒಂದು ಕೋಟ್ ಪ್ರೈಮರ್ ಹೊಡೆದು ಪೂರ್ತಿ ಒಣಗಲು ಬಿಟ್ಟರೆ ಎರಡೂ ತೊಂದರೆ ತಪ್ಪುತ್ತವೆ.

ಅಂಟು ಮತ್ತು ಪಟ್ಟಿ

ಸಿನಿಮಾ ಪೋಸ್ಟರ್ ಹಚ್ಚುವ ಮೈದಾ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸುವುದು ನಮ್ಮಲ್ಲಿ ಗೊತ್ತಿರುವ ಪದ್ಧತಿ. ಮನೆಯ ಗೋಡೆಗೆ ಅದು ಬೇಡ. ಸೆಲ್ಯುಲೋಸ್ ಅಥವಾ ಸ್ಟಾರ್ಚಿನ ಪುಡಿಯಾಗಿ ಸಿಗುವ ವಾಲ್‌ಪೇಪರ್ ಅಂಟನ್ನು ತಣ್ಣೀರಿಗೆ ಉದುರಿಸುತ್ತಾ ಕದಡಿ, ಗಂಟಿಲ್ಲದಂತೆ ಮಾಡಿ, ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಬಿಡಬೇಕು. ವಿನೈಲಿಗೆ ಬೂಷ್ಟುನಿರೋಧಕ ಬೆರೆತ ಅಂಟೇ ಆಗಬೇಕು. ಮರಗೆಲಸದ ಬಿಳಿ ಅಂಟು ಗಟ್ಟಿಯೆಂದು ಬಳಸುವವರಿದ್ದಾರೆ. ಅದು ಅಂಚುಗಳಲ್ಲಿ ಹೊಳೆದು ಕಾಣುತ್ತದೆ, ತೆಗೆಯುವ ದಿನ ಗೋಡೆಯನ್ನೇ ಸುಲಿಯುತ್ತದೆ.

ಕಾಗದದ ಬೆನ್ನಿಗೆ ಅಂಟು ಸವರುವ ಬಗೆಯಾದರೆ, ಸವರಿದ ಕೂಡಲೇ ಹಚ್ಚಬಾರದು. ಕಾಗದದ ನಾರುಗಳು ಹೆಚ್ಚಾಗಿ ಸುರುಳಿಯ ಉದ್ದಕ್ಕೆ ಮಲಗಿರುತ್ತವೆ. ನೀರು ಕುಡಿದ ನಾರು ಉದ್ದಕ್ಕಿಂತ ದಪ್ಪಕ್ಕೆ ಉಬ್ಬುತ್ತದೆ, ಹಾಗಾಗಿ ಪಟ್ಟಿ ಅಗಲಕ್ಕೆ ಹಿಗ್ಗುತ್ತದೆ. ಹಿಗ್ಗುವುದು ಗೋಡೆಯ ಮೇಲೆ ನಡೆದರೆ ಗುಳ್ಳೆ, ನೆರಿಗೆ ಏಳುತ್ತವೆ. ಅದಕ್ಕೇ ಅಂಟು ಸವರಿದ ಪಟ್ಟಿಯ ಎರಡು ತುದಿಗಳನ್ನೂ ಅಂಟಿನ ಮೈ ಒಳಗಾಗುವಂತೆ ನಡುವಿಗೆ ಮಡಿಚಿ, ಮಡಿಕೆಯ ಗೆರೆ ಬೀಳದ ಹಾಗೆ ಸಡಿಲವಾಗಿ, ಸೀರೆಯನ್ನು ಮಡಿಸಿಟ್ಟಂತೆ ಇಡುತ್ತಾರೆ. ಸುರುಳಿಯ ಚೀಟಿಯಲ್ಲಿ ಹೇಳಿದ ಐದೋ ಹತ್ತೋ ನಿಮಿಷ ಹಾಗೆಯೇ ಇದ್ದರೆ ಹಿಗ್ಗುವುದೆಲ್ಲ ಅಲ್ಲೇ ಮುಗಿಯುತ್ತದೆ. ಎಲ್ಲ ಪಟ್ಟಿಗಳಿಗೂ ಒಂದೇ ಹೊತ್ತು ಕೊಡಬೇಕು; ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಹನ್ನೆರಡು ನಿಮಿಷವಾದರೆ ಅಗಲವೂ ಬೇರೆಯಾಗಿ ಹೂವಿಗೆ ಹೂವು ಕೂಡುವುದಿಲ್ಲ. ನಾನ್‌ವೋವನ್ನಿಗೆ ಈ ಕಾಯುವಿಕೆಯಿಲ್ಲ.

ಮೊದಲ ಪಟ್ಟಿಯೇ ಎಲ್ಲಕ್ಕೂ ಆಧಾರ. ಯಾವ ಮೂಲೆಯನ್ನೂ, ಯಾವ ಬಾಗಿಲ ಚೌಕಟ್ಟನ್ನೂ ನೇರವೆಂದು ನಂಬಬಾರದು. ಮೇಸ್ತ್ರಿಗಳ ತೂಗುಗುಂಡನ್ನು ಇಳಿಬಿಟ್ಟು, ಅದು ನಿಂತ ಗೆರೆಯನ್ನು ಪೆನ್ಸಿಲಿನಿಂದ ತೆಳುವಾಗಿ ಗುರುತಿಸಿ, ಅದಕ್ಕೆ ಮೊದಲ ಪಟ್ಟಿಯ ಅಂಚನ್ನು ಕೂಡಿಸಬೇಕು. ಇಲ್ಲಿ ಮೂರು ಮಿಲಿಮೀಟರ್ ವಾಲಿದರೂ ಮುಂದಿನ ಪ್ರತಿ ಪಟ್ಟಿಯೂ ಹಾಗೆಯೇ ವಾಲುತ್ತಾ, ಹೂವಿನ ಸಾಲು ಚಾವಣಿಯ ಅಂಚಿನಿಂದ ದೂರ ಸರಿಯುತ್ತಾ ಹೋಗುತ್ತದೆ. ಒಂದೇ ಗೋಡೆಯಾದರೆ ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಸಾಗಿದರೆ ಕೊನೆಯ ತುಂಡುಗಳು ಎರಡೂ ತುದಿಯಲ್ಲಿ ಸಮವಾಗಿ ಉಳಿಯುತ್ತವೆ. ಇಡೀ ಕೋಣೆಯಾದರೆ ದೊಡ್ಡ ಕಿಟಕಿಯ ಪಕ್ಕದಿಂದ ಹೊರಟು ಬಾಗಿಲ ಹಿಂದಿನ ಮೂಲೆಯಲ್ಲಿ ಮುಗಿಸುವುದು ಹಳೆಯ ಪದ್ಧತಿ. ಸುತ್ತಿ ಬಂದ ವಿನ್ಯಾಸ ಕೊನೆಯಲ್ಲಿ ಕೂಡದೆ ಹೋಗುವ ಒಂದು ಜಾಗ ಇದ್ದೇ ಇರುತ್ತದೆ. ಕಣ್ಣಿಗೆ ಬೀಳದ ಕಡೆ ಅದು ಇರಲಿ.

ಪಟ್ಟಿಯನ್ನು ಮೇಲಿಂದ ಇಳಿಬಿಟ್ಟು, ನಡುವಿನಿಂದ ಅಂಚುಗಳ ಕಡೆಗೆ ಬ್ರಷ್ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಗಾಳಿಯನ್ನು ತಳ್ಳುತ್ತಾ ಬರಬೇಕು. ಮುಂದಿನದನ್ನು ಪಕ್ಕದಲ್ಲಿಟ್ಟು ಅಂಗೈಯಿಂದ ಜಾರಿಸಿ ಕೂಡಿಸಬೇಕು, ಅಂಚು ಹಿಡಿದು ಎಳೆಯಬಾರದು. ಎಳೆದ ಕಾಗದ ಒಣಗುವಾಗ ಹಿಂದಕ್ಕೆ ಸರಿದು ನಡುವೆ ಬಿಳಿ ಗೆರೆ ಬಿಡುತ್ತದೆ. ಚಾವಣಿ ಮತ್ತು ಸ್ಕರ್ಟಿಂಗ್ ಬಳಿ ಅಗಲ ಪಟ್ಟಿಯನ್ನು ಒತ್ತಿಹಿಡಿದು ಕಟ್ಟರಿನಿಂದ ಕತ್ತರಿಸುತ್ತಾರೆ. ಒದ್ದೆ ಕಾಗದ ಹರಿದರೆ ತಪ್ಪು ಸಾಮಾನ್ಯವಾಗಿ ಮೊಂಡಾದ ಬ್ಲೇಡಿನದು. ಒಂದೆರಡು ಪಟ್ಟಿಗೊಮ್ಮೆ ತುದಿ ಮುರಿದು ಹೊಸದು ಮಾಡಿಕೊಳ್ಳಬೇಕು. ಮೇಲ್ಮೈಗೆ ತಾಗಿದ ಅಂಟನ್ನು ಅದು ಹಸಿಯಿರುವಾಗಲೇ ಸ್ಪಂಜಿನಿಂದ ಒರೆಸಬೇಕು.

ಮೂಲೆ, ಕಿಟಕಿ, ಸ್ವಿಚ್‌ಬೋರ್ಡು

ಒಳಮೂಲೆಯಲ್ಲಿ ಇಡೀ ಪಟ್ಟಿಯನ್ನು ಬಾಗಿಸಿ ಸುತ್ತಿಸಲು ಹೋಗಬಾರದು. ಮೂಲೆ ದಾಟಿ ಒಂದು ಸೆಂಟಿಮೀಟರ್ ಮಾತ್ರ ತಿರುಗುವಂತೆ ಪಟ್ಟಿಯನ್ನು ಉದ್ದಕ್ಕೆ ಸೀಳಿ ಹಚ್ಚಿ, ಇನ್ನೊಂದು ಗೋಡೆಯಲ್ಲಿ ಮತ್ತೆ ತೂಗುಗುಂಡಿನ ಗೆರೆ ಎಳೆದು, ಸೀಳಿದ ಉಳಿಕೆಯನ್ನು ಆ ಸೆಂಟಿಮೀಟರಿನ ಮೇಲೆ ಕೂರಿಸಬೇಕು. ವಿನ್ಯಾಸ ಒಂದಿಷ್ಟು ತಪ್ಪುತ್ತದೆ. ಮೂಲೆಯ ನೆರಳಿನಲ್ಲಿ ಅದು ಗೊತ್ತಾಗುವುದಿಲ್ಲ. ವಿನೈಲಿನ ಮೇಲೆ ವಿನೈಲ್ ಕೂರಲು ಬೇರೆಯೇ ಅಂಟು ಬೇಕು.

ಸ್ವಿಚ್‌ಬೋರ್ಡಿನ ಬಳಿ ಬರುವ ಮೊದಲು ಮೇನ್ ಆಫ್ ಮಾಡಬೇಕು. ಒದ್ದೆ ಅಂಟು, ಒದ್ದೆ ಕೈ, ಉಕ್ಕಿನ ಬ್ಲೇಡು ಒಟ್ಟಿಗಿರುವ ಜಾಗವದು. ಪಟ್ಟಿಯನ್ನು ಬೋರ್ಡಿನ ಮೇಲೆಯೇ ಇಳಿಬಿಟ್ಟು, ನಡುವಿನಿಂದ ನಾಲ್ಕು ಮೂಲೆಗೂ ಸೀಳಿ, ಬೋರ್ಡಿನ ಅಂಚಿನ ತಿರುಪು ಸಡಿಲಿಸಿ, ಸುಮಾರು ಅರ್ಧ ಸೆಂಟಿಮೀಟರ್ ಕಾಗದವನ್ನು ಅದರ ಕೆಳಗೆ ತೂರಿಸಿದರೆ ಅಂಚು ಸ್ವಚ್ಛವಾಗಿ ಕಾಣುತ್ತದೆ. ಕಿಟಕಿಗೂ ಇದೇ ಉಪಾಯ: ಮೊದಲು ಹಚ್ಚಿ, ಆಮೇಲೆ ಮೂಲೆಗಳಿಗೆ ಓರೆಯಾಗಿ ಸೀಳುವುದು. ಮುಂಚೆಯೇ ಅಳೆದು ಕತ್ತರಿಸಿ ತಂದ ತೂತು ಸರಿಯಾದ ಜಾಗದಲ್ಲಿ ಕೂರುವುದು ಅಪರೂಪ.

ಕೆಲಸ ಮುಗಿದ ಮೇಲೆ ಬೇಗ ಒಣಗಲೆಂದು ಫ್ಯಾನ್ ಹಾಕುವುದು ಬಹಳ ಜನ ಮಾಡುವ ತಪ್ಪು. ಅಂಚುಗಳು ಮೊದಲು ಒಣಗಿ ಕುಗ್ಗಿ, ಸೇರಿಕೆಗಳು ಬಾಯಿಬಿಡುತ್ತವೆ. ಮೊದಲ ದಿನ ಕಿಟಕಿ ಮುಚ್ಚಿ, ಫ್ಯಾನು ಏಸಿ ಎರಡನ್ನೂ ನಿಲ್ಲಿಸಿ ನಿಧಾನವಾಗಿ ಒಣಗಲು ಬಿಡಬೇಕು. ಸಂಜೆ ಕಾಣುವ ಸಣ್ಣ ಗುಳ್ಳೆಗಳು ಬಹುಪಾಲು ಬೆಳಗಾಗುವಷ್ಟರಲ್ಲಿ ತಾವಾಗಿಯೇ ಇಳಿಯುತ್ತವೆ. ಉಳಿದದ್ದನ್ನು ಬ್ಲೇಡಿನ ತುದಿಯಿಂದ ಚುಚ್ಚಿ, ಸಿರಿಂಜಿನಿಂದ ಒಂದು ಹನಿ ಅಂಟು ತುಂಬಿ ಒತ್ತಬಹುದು.

ತೆಗೆಯುವುದು

ನಾನ್‌ವೋವನ್ ಆದರೆ ಕೆಳಮೂಲೆಯಿಂದ ಎತ್ತಿ ಎಳೆದರೆ ಪಟ್ಟಿಯೇ ಬರುತ್ತದೆ. ವಿನೈಲಿನ ಮೇಲ್ಪದರವನ್ನು ಮೊದಲು ಸುಲಿದು, ಗೋಡೆಯಲ್ಲಿ ಉಳಿಯುವ ಕಾಗದವನ್ನು ಬೆಚ್ಚಗಿನ ನೀರಿನಿಂದ ಎರಡು ಮೂರು ಸಲ ನೆನೆಸಿ, ಕಾಯ್ದು, ಅಗಲ ಪಟ್ಟಿಯಿಂದ ತೆಗೆಯಬೇಕು. ನೆನೆಯದೆ ಕೆರೆಯಲು ಹೋದರೆ ಪುಟ್ಟಿಗೆ ಗಾಯವಾಗುತ್ತದೆ. ಕೊನೆಯದಾಗಿ ಗೋಡೆಗೆ ಹತ್ತಿದ ಹಳೆಯ ಅಂಟನ್ನು ಸ್ಪಂಜು, ಬಿಸಿನೀರಿನಿಂದ ಪೂರ್ತಿ ತೊಳೆಯಬೇಕು. ಕೈಯಾಡಿಸಿದಾಗ ಜಾರಿದಂತಾದರೆ ಇನ್ನೂ ಉಳಿದಿದೆ ಎಂದರ್ಥ. ಅದರ ಮೇಲೆ ಬಳಿದ ಎಮಲ್ಷನ್ ಕೆಲವು ದಿನಗಳಲ್ಲೇ ಬಿರುಕು ಬಿಟ್ಟು ಹಕ್ಕಳೆಯಾಗಿ ಏಳುತ್ತದೆ.